ಕೇಳಿ ಪಡೆದದ್ದು

ಮನೆ ಬದಲಿಸುವವರು ಮೊದಲು ದೇವರ ಪಟವನ್ನೂ ದೀಪವನ್ನೂ ಸಾಗಿಸುತ್ತಾರೆ. ಹೊಸ ಒಲೆಯಲ್ಲಿ ಹಾಲುಕ್ಕಿಸುತ್ತಾರೆ. ಆಮೇಲೆ ಪಾತ್ರೆ ಪರಡಿ, ಹಾಸಿಗೆ, ಕಪಾಟು, ಕೊನೆಗೆ ಯಾರಿಗೂ ಬೇಡವಾದರೂ ಬಿಟ್ಟುಬರಲಾಗದ ಹಳೆಯ ಪೆಟ್ಟಿಗೆಗಳು ಟೆಂಪೊ ಏರುತ್ತವೆ. ಕಳೆದ ವರ್ಷ ಮೇ 28ರಂದು ನಾವು ಕಾಸರಗೋಡು ಪೇಟೆಯ ಬಾಡಿಗೆ ಮನೆಯನ್ನು ಬಿಟ್ಟು, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಗ್ಗುಲಿನ ಒಂದು ಸಣ್ಣ ಮನೆಗೆ ಬಂದಾಗಲೂ ಇವೆಲ್ಲ ಕ್ರಮಪ್ರಕಾರವೇ ನಡೆದವು. ಟೆಂಪೊದಲ್ಲಿ ಹೇರಲಾಗದ ಒಂದೇ ಒಂದು ವಸ್ತು ಹಿಂದೆ ಉಳಿಯಿತು. ಅದು ಅಂತರ್ಜಾಲದ ಸಂಪರ್ಕ.

ನಾವೆಂದರೆ ಗಂಡ ಹೆಂಡತಿ ಇಬ್ಬರು. ನಮ್ಮೊಡನೆ ಅಮ್ಮ ಮತ್ತು ಒಂಬತ್ತನೆಯ ತರಗತಿಯ ಮಗ. ಈ ಬರಹವನ್ನು ಇಬ್ಬರೂ ಕೂಡಿಯೇ ಬರೆಯುತ್ತಿದ್ದೇವೆ. ಇದರಲ್ಲಿ ಬರುವ ತಪ್ಪಿನಲ್ಲಿಯೂ ಇಬ್ಬರದು ಸಮಪಾಲು. 2020ರ ಮಾರ್ಚಿನಲ್ಲಿ ಬೆಂಗಳೂರನ್ನು ಬಿಟ್ಟು ಊರು ಸೇರಿದ ಮೇಲೆ ನಾವು ಹಿಂದಿರುಗಿ ಹೋಗಲಿಲ್ಲ. ಒಬ್ಬರು ಅಮೆರಿಕದ ವಿಮಾ ಸಂಸ್ಥೆಯೊಂದರ ಲೆಕ್ಕದ ತಂತ್ರಾಂಶವನ್ನು ಪರೀಕ್ಷಿಸುತ್ತೇವೆ, ಇನ್ನೊಬ್ಬರು ಅಲ್ಲಿನ ಆಸ್ಪತ್ರೆಗಳ ಬಿಲ್ಲುಗಳನ್ನು ತಾಳೆ ನೋಡುತ್ತೇವೆ. ಕಛೇರಿ ಬೆಂಗಳೂರಿನಲ್ಲಿದೆ, ಗ್ರಾಹಕರು ಸಮುದ್ರದಾಚೆ ಇದ್ದಾರೆ, ಮೇಜು ಮಾತ್ರ ನಮ್ಮ ಮನೆಯಲ್ಲಿದೆ. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ದೀಪ ಹಚ್ಚುವ ಸಮಯ. ಆದುದರಿಂದ ಮುಖ್ಯವಾದ ಸಭೆಗಳೆಲ್ಲ ಸಂಜೆ ಏಳೂವರೆಯಿಂದ ಒಂಬತ್ತೂವರೆಯ ನಡುವೆ. ಈ ಹೊತ್ತನ್ನು ಓದುಗರು ನೆನಪಿನಲ್ಲಿ ಇರಿಸಿಕೊಳ್ಳಬೇಕು.

ಸಂಪರ್ಕದ ಸ್ಥಳಾಂತರಕ್ಕೆ ಮೂರು ವಾರ ಮೊದಲೇ ಅರ್ಜಿ ಕೊಟ್ಟಿದ್ದೆವು. ಹಳೆಯ ಮನೆಯ ತಂತಿಯನ್ನು ಕತ್ತರಿಸುವ ಕೆಲಸ ಹೇಳಿದ ದಿನವೇ ನಡೆಯಿತು. ಹೊಸ ಮನೆಗೆ ತಂತಿ ಎಳೆಯುವ ಕೆಲಸಕ್ಕೆ ಮಾತ್ರ ಒಂದೊಂದು ದಿನ ಒಂದೊಂದು ಕಾರಣ. ವಿದ್ಯುತ್ ಕಂಬಗಳ ಮೇಲೆಯೇ ಈ ಗಾಜಿನೆಳೆಯ ಕೇಬಲ್ಲೂ ಹಾದುಬರಬೇಕು, ಮಳೆಗಾಲ ಮೊದಲಾಗಿತ್ತು, ಎರಡು ಕಂಬಗಳ ನಡುವೆ ಹಲಸಿನ ಕೊಂಬೆ ಬಿದ್ದಿತ್ತು. ದೂರು ಹೇಳಲು ಕರೆ ಮಾಡಿದರೆ ಯಂತ್ರದ ದನಿ ಮಲಯಾಳಕ್ಕೆ ಒಂದು, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು ಒತ್ತಲು ಹೇಳುತ್ತಿತ್ತು. ಅಮ್ಮ ಒಮ್ಮೆ ಫೋನನ್ನು ಕೈಗೆ ತೆಗೆದುಕೊಂಡು ನಾಲ್ಕನ್ನು ಒತ್ತಿ ನೋಡಿದರು. ದನಿ ಮತ್ತೆ ಮೊದಲಿನಿಂದ ಆರಂಭಿಸಿತು. ಗಡಿನಾಡಿನಲ್ಲಿ ಬಾಳುವವರಿಗೆ ಇದು ಹೊಸತಲ್ಲವಾದ್ದರಿಂದ ಬೆಳೆಸುವುದಿಲ್ಲ.

ಬೆಂಗಳೂರಿನ ಕಛೇರಿಗೆ ವಿಷಯ ತಿಳಿಸಿದೆವು. ಮೇಲಿನವರು ಒರಟಾಗಿ ಮಾತಾಡಲಿಲ್ಲ. ಮನೆಯಿಂದ ಕೆಲಸ ಮಾಡುವವರು ತಮ್ಮ ವ್ಯವಸ್ಥೆಯನ್ನು ತಾವೇ ಮಾಡಿಕೊಳ್ಳಬೇಕೆಂಬ ಒಪ್ಪಂದವನ್ನು ನೆನಪಿಸಿ, ಸಾಧ್ಯವಾಗದಿದ್ದರೆ ರಜೆ ಹಾಕಬಹುದು ಎಂದರು. ಇಬ್ಬರ ರಜೆಯೂ ಮನೆ ಸಾಗಿಸುವುದರಲ್ಲಿ ಮುಗಿದಿತ್ತು. ಇನ್ನು ಹಾಕಿದರೆ ಸಂಬಳ ಕಡಿತ. ದಿನವೂ ಪೇಟೆಗೆ ಹೋಗಿ ಪರಿಚಿತರೊಬ್ಬರ ಅಂಗಡಿಯ ಅಟ್ಟದಲ್ಲಿ ಕುಳಿತುಕೊಳ್ಳುವ ದಾರಿಯೂ ಇತ್ತು. ಆದರೆ ರಾತ್ರಿ ಹತ್ತಕ್ಕೆ ಮರಳುವ ಬಸ್ಸಿಲ್ಲ. ಮೊಬೈಲಿನ ಸಿಗ್ನಲ್ಲೋ, ಗುಡ್ಡದ ನೆತ್ತಿಯಲ್ಲಿ ಮೂರು ಗೆರೆ, ಮನೆಯೊಳಗೆ ಒಂದು ಗೆರೆ, ಮಳೆ ಸುರಿದರೆ ಅದೂ ಇಲ್ಲ. ಪರಿಸ್ಥಿತಿ ಹೀಗಿರಲು ಪಾಗಾರದಾಚೆಯ ಮನೆಯ ಕಿಟಕಿಯಲ್ಲಿ ಮಿನುಗುವ ಹಸುರು ದೀಪವೊಂದು ನಮ್ಮ ಕಣ್ಣಿಗೆ ಬಿತ್ತು.

ಆ ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಾವು ಅವರನ್ನು ಬಾಯಮ್ಮ ಎಂದು ಕರೆಯುತ್ತೇವೆ. ಈ ಕಡೆಯಲ್ಲಿ ಕ್ರೈಸ್ತ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಅವರ ಮನೆಮಾತು ಕೊಂಕಣಿ, ನಮ್ಮದು ಕನ್ನಡ, ಪಾಗಾರದ ಮೇಲಿನ ಮಾತೆಲ್ಲ ತುಳುವಿನಲ್ಲಿ. ಒಬ್ಬನೇ ಮಗ ಸಂಸಾರ ಸಮೇತ ಕುವೈತಿನಲ್ಲಿದ್ದಾನೆ. ಮೊಮ್ಮಗು ಹುಟ್ಟಿದ ಮೇಲೆ ಅವನೇ ದುಡ್ಡು ಕಟ್ಟಿ ಆ ಸಂಪರ್ಕವನ್ನು ಹಾಕಿಸಿದ. ಕುವೈತಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಆರು ಗಂಟೆಗೆ ಕೆಲಸ ಬಿಟ್ಟು ಕೋಣೆ ಸೇರಿ ಅವನು ಕರೆ ಮಾಡುವಾಗ ಇಲ್ಲಿ ರಾತ್ರಿ ಎಂಟೂವರೆಯೋ ಎಂಟೂಮುಕ್ಕಾಲೋ ಆಗಿರುತ್ತದೆ. ಆ ಹೊತ್ತಿಗೆ ಬಾಯಮ್ಮ ಊಟದ ತಟ್ಟೆಯನ್ನೂ ಫೋನನ್ನೂ ಎದುರಿಟ್ಟುಕೊಂಡು ಕುಳಿತುಕೊಳ್ಳುತ್ತಾರೆ.

ಮೇ 30ರಂದು ನಾವು ಹೋಗಿ ಕೇಳಿದೆವು. ಕೇಳುವ ಮೊದಲು ಹತ್ತು ಮಾತು ಹೇಳಬೇಕಾಯಿತು. ಮುಗಿಸುವ ಮೊದಲೇ ಅವರು ಒಳಗೆ ಹೋಗಿ, ಮಗ ರಟ್ಟಿನ ತುಂಡಿನ ಮೇಲೆ ಬರೆದಿಟ್ಟಿದ್ದ ಗುಪ್ತಪದವನ್ನು ತಂದು ಕೈಯಲ್ಲಿರಿಸಿದರು. "ಅದು ಸುಮ್ಮನೆ ಉರಿಯುತ್ತಾ ಇರುತ್ತದೆ, ನನಗೆ ರಾತ್ರಿಗೆ ಮಾತ್ರ ಬೇಕಾದ್ದು" ಎಂದರು. ತಿಂಗಳಿಗೆ ಐನೂರು ರೂಪಾಯಿ ಕೊಡುತ್ತೇವೆಂದರೆ, ಪಕ್ಕದ ಮನೆಯವರಿಂದ ದುಡ್ಡು ತೆಗೆದುಕೊಳ್ಳುವುದು ಯಾವ ಊರಿನ ಕ್ರಮ ಎಂದು ಕೇಳಿದರು. ನಾವು ಆ ಮಾತಿನಿಂದ ಬಹಳ ಸಂತೋಷಪಟ್ಟೆವು. ನೆರೆಹೊರೆ ಇನ್ನೂ ಸತ್ತಿಲ್ಲ ಎಂದು ಆ ರಾತ್ರಿ ಊಟದ ಹೊತ್ತಿನಲ್ಲಿ ಮಗನಿಗೆ ಸಣ್ಣದೊಂದು ಉಪದೇಶವನ್ನೂ ಮಾಡಿದೆವು. ಬೆಂಗಳೂರಿಗೆ ವ್ಯವಸ್ಥೆಯಾಗಿದೆಯೆಂದು ಬರೆದೆವು.

ಅಮ್ಮನ ಕಾಲದಲ್ಲಿ ನೆರೆಮನೆಯಿಂದ ಬೆಂಕಿ ತರುತ್ತಿದ್ದರು. ಗೆರಟೆಯಲ್ಲಿ ಎರಡು ಕೆಂಡ ಹಾಕಿಕೊಂಡು, ಮೇಲೆ ಬೂದಿ ಮುಚ್ಚಿ, ಗಾಳಿಗೆ ಮರೆಮಾಡಿ ತಂದು ಒಲೆ ಹೊತ್ತಿಸುತ್ತಿದ್ದರು. ಕೊಟ್ಟವರ ಒಲೆಯ ಬೆಂಕಿ ಅದರಿಂದ ಕಡಿಮೆಯಾಗುತ್ತಿರಲಿಲ್ಲ. ಮಜ್ಜಿಗೆಯ ಹೆಪ್ಪೂ ಹಾಗೆಯೇ. ಅಕ್ಕಿಯ ಲೆಕ್ಕ ಬೇರೆ. ಅದನ್ನು ಸೇರಿನಲ್ಲಿ ಅಳೆದು ತರುತ್ತಿದ್ದರು, ಕೊಯ್ಲಾದ ಮೇಲೆ ಅದೇ ಸೇರಿನಲ್ಲಿ ಗೋಪುರವಾಗುವಂತೆ ಅಳೆದು ಹಿಂದಿರುಗಿಸುತ್ತಿದ್ದರು. ನೀರಿನ ಲೆಕ್ಕ ಇನ್ನೂ ಬೇರೆ. ನಮ್ಮ ಬಾಯಾರು, ಎಣ್ಮಕಜೆ, ಪಡ್ರೆಯ ಕಡೆಗಳಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗಗಳಿವೆ. ಪಂಪಿಲ್ಲದೆ, ಹಗ್ಗ ಕೊಡಗಳಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ತೋಡಿಗೆ ಅಡ್ಡಲಾಗಿ ವರ್ಷ ವರ್ಷವೂ ಕಟ್ಟುವ ಕಟ್ಟಗಳಿದ್ದವು. ಮೇಲಿನ ತೋಟದವರು ಎಷ್ಟು ಹೊತ್ತು, ಕೆಳಗಿನ ತೋಟದವರು ಎಷ್ಟು ಹೊತ್ತು ಎಂಬ ಸರದಿಯಿರುತ್ತಿತ್ತು. ಮೇಲಿನವರು ಹೆಚ್ಚು ತಿರುಗಿಸಿಕೊಂಡರೆ ಕೆಳಗಿನವರ ಕಾಲುವೆ ಒಣಗುತ್ತಿತ್ತು, ಒಣಗಿದ್ದು ಕಾಣುತ್ತಿತ್ತು, ಜಗಳವೂ ಆಗುತ್ತಿತ್ತು. ಆ ಜಗಳಗಳ ಕುರಿತು ನಮ್ಮ ಹಿರಿಯರಿಗೆ ನಾಚಿಕೆಯಿದ್ದಂತಿಲ್ಲ. ಅಳತೆ ಇದ್ದಲ್ಲಿ ಜಗಳವಿರುತ್ತದೆಂಬುದನ್ನು ಅವರು ಒಪ್ಪಿದ್ದರು.

ನಾವು ಬಾಯಮ್ಮನಿಂದ ಪಡೆದದ್ದು ಇವುಗಳಲ್ಲಿ ಯಾವ ಜಾತಿಗೆ ಸೇರಿದ್ದು? ಅವರು ಅದನ್ನು ಕೆಂಡವೆಂದು ತಿಳಿದು ಕೊಟ್ಟರು. ನಾವೂ ಕೆಂಡವೆಂಬಂತೆಯೇ ತಂದೆವು. ಅದು ನಿಜವಾಗಿ ಅಕ್ಕಿಯಾಗಿತ್ತು, ಸಂಜೆಯ ಹೊತ್ತಿಗೆ ನೀರಾಗಿತ್ತು. ಅವರ ಮಗ ಹಾಕಿಸಿದ್ದು ತೀರ ಸಣ್ಣ ಪ್ಲಾನು. ತಿಂಗಳಿಗೆ 100 ಜಿಬಿ. ಅದು ಮುಗಿದ ಮೇಲೆ ಮುಂದಿನ ಒಂದನೆಯ ತಾರೀಕಿನವರೆಗೆ ವೇಗ 1 ಎಂಬಿಪಿಎಸ್ಸಿಗೆ ಇಳಿಯುತ್ತದೆ. ಈ ಮಿತಿಗೆ ಕಂಪೆನಿಗಳು ಇಟ್ಟಿರುವ ಹೆಸರು ಫೇರ್ ಯೂಸೇಜ್ ಪಾಲಿಸಿ. ಕನ್ನಡದಲ್ಲಿ ಹೇಳುವುದಾದರೆ ನ್ಯಾಯವಾದ ಬಳಕೆಯ ನಿಯಮ. ಒಬ್ಬ ಅಜ್ಜಿ ದಿನಕ್ಕೆ ಅರ್ಧ ಗಂಟೆ ಮೊಮ್ಮಗುವಿನ ಮುಖ ನೋಡಿದರೆ ತಿಂಗಳಿಗೆ ಹತ್ತು ಹದಿನೈದು ಜಿಬಿಯೂ ಮುಗಿಯುವುದಿಲ್ಲ. ಇಬ್ಬರು ದಿನವಿಡೀ ಕೆಲಸ ಮಾಡಿ, ಪರದೆಯನ್ನು ಹಂಚಿಕೊಂಡು ಸಭೆ ನಡೆಸಿ, ದೊಡ್ಡ ಕಡತಗಳನ್ನು ಇಳಿಸಿ ಏರಿಸಿ ಮಾಡಿದರೆ ನೂರು ಜಿಬಿ ವಾರದಲ್ಲಿ ಕರಗುತ್ತದೆ. ನಮ್ಮದು ಜೂನ್ 8ಕ್ಕೆ ಕರಗಿತು.

ನಮ್ಮದು ಎಂದು ಬರೆದೆವು. ಅಳಿಸುವುದಿಲ್ಲ, ಆಗ ಹಾಗೆಯೇ ತಿಳಿದಿದ್ದೆವು.

ಆ ಸಂಜೆ ಸಭೆಯ ನಡುವೆ ಚಿತ್ರಗಳು ನಿಂತುಹೋದವು. ಮಳೆ ಬಿರುಸಾಗಿತ್ತು. ನಾವು ಕಂಪೆನಿಯನ್ನು ಬೈದೆವು, ಮುಖ ತೋರಿಸುವುದನ್ನು ನಿಲ್ಲಿಸಿ ದನಿಯಲ್ಲಿ ಮಾತ್ರ ಕೆಲಸ ನಡೆಸಿದೆವು, ದೊಡ್ಡ ಕಡತಗಳನ್ನು ನಡುರಾತ್ರಿಗೆ ಮೀಸಲಿಟ್ಟೆವು. ಮರುದಿನ ಮಳೆ ಇರಲಿಲ್ಲ, ವೇಗವೂ ಇರಲಿಲ್ಲ. ನಮ್ಮಲ್ಲೊಬ್ಬರಿಗೆ ಮಿತಿ ಮುಗಿದಿರಬಹುದೆಂಬ ಸಂಶಯ ಬಂತು. ಇನ್ನೊಬ್ಬರಿಗೂ ಬಂದಿತ್ತೆಂದು ಆಮೇಲೆ ತಿಳಿಯಿತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಲೆಕ್ಕದ ತಂತ್ರಾಂಶವನ್ನು ಪರೀಕ್ಷಿಸುವುದು, ಬಿಲ್ಲುಗಳನ್ನು ತಾಳೆ ನೋಡುವುದು ನಮ್ಮ ಉದ್ಯೋಗ. ಒಂದು ಡಾಲರಿನ ವ್ಯತ್ಯಾಸ ಬಂದರೂ ಅದರ ಬೇರನ್ನು ಹುಡುಕುವವರೆಗೆ ನಾವು ಬಿಡುವುದಿಲ್ಲ. ಪಾಗಾರದಾಚೆಯ ಲೆಕ್ಕವನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ತಿಳಿಯುತ್ತಿತ್ತು, ತಿಳಿದರೆ ನಿಲ್ಲಿಸಬೇಕಾಗುತ್ತಿತ್ತು.

ಜೂನ್ 16ರಂದು, ಹತ್ತೊಂಬತ್ತನೆಯ ದಿನ, ನಮ್ಮ ಮನೆಗೆ ಸಂಪರ್ಕ ಬಂತು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನೊಬ್ಬ ಏಣಿ ಹೊತ್ತು ಬಂದು, ಗಾಜಿನೆಳೆಯನ್ನು ಕಾಯಿಸಿ ಜೋಡಿಸಿ, ಕೆಂಪು ದೀಪವನ್ನು ಹಸುರಾಗಿಸಿದ. ಅವನು ಹೊರಡುವಾಗ ಬಾಯಮ್ಮ ಪಾಗಾರದ ಬಳಿ ಕಾದಿದ್ದರು. ಒಂದು ವಾರದಿಂದ ತಮ್ಮದೂ ಸರಿಯಿಲ್ಲ, ಮಗನ ಮುಖ ಅರ್ಧಕ್ಕೆ ನಿಲ್ಲುತ್ತದೆ, ಸ್ವಲ್ಪ ನೋಡಿ ಹೋಗಬಹುದೇ ಎಂದು ಕೇಳಿದರು. ನಾವೂ ಜೊತೆಗೆ ಹೋದೆವು. ಹುಡುಗ ತನ್ನ ಫೋನಿನಲ್ಲಿ ಅವರ ಖಾತೆಯನ್ನು ತೆರೆದು ನೋಡಿ, ಏನೂ ಹೇಳದೆ ಆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದ. ಎಂಟನೆಯ ತಾರೀಕಿಗೆ ನೂರು ಮುಗಿದಿತ್ತು. ಹಿಂದಿನ ಏಪ್ರಿಲಿನಲ್ಲಿ ಇಡೀ ತಿಂಗಳಿಗೆ ಹನ್ನೊಂದು.

"ಆಯೆ ದಾದ ಪಂಡೆ?" ಎಂದು ಬಾಯಮ್ಮ ನಮ್ಮನ್ನು ಕೇಳಿದರು. ಅವನು ಏನು ಹೇಳಿದ ಎಂದು.

"ಬರ್ಸದ ಉಪದ್ರ" ಎಂದೆವು. ಮಳೆಯ ತೊಂದರೆ.

ಹುಡುಗ ನಮ್ಮನ್ನೊಮ್ಮೆ ನೋಡಿ ಏಣಿ ಎತ್ತಿಕೊಂಡು ಹೋದ. ಆ ಉತ್ತರ ನಮ್ಮಲ್ಲಿ ಯಾರ ಬಾಯಿಂದ ಹೊರಟಿತೆಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ. ಇನ್ನೊಬ್ಬರು ತಿದ್ದಬಹುದಾಗಿತ್ತು, ತಿದ್ದಲಿಲ್ಲ.

ಈ ಒಂದು ಮಾತಿನ ಸುತ್ತ ನಾವು ಆಮೇಲೆ ಎಷ್ಟೋ ದಿನ ಸುತ್ತಿದ್ದೇವೆ. ಮೊದಮೊದಲು ನಮ್ಮ ಪರವಾಗಿ ವಾದಿಸುವುದು ಸುಲಭವಾಗಿಯೇ ಇತ್ತು. ನಾವು ಕದ್ದಿಲ್ಲ, ಕೇಳಿ ಪಡೆದಿದ್ದೇವೆ. ಅವರು ಮನಸ್ಸಾರೆ ಕೊಟ್ಟಿದ್ದಾರೆ. ದುಡ್ಡು ಕೊಡಹೋದರೂ ಬೇಡವೆಂದಿದ್ದಾರೆ. ಕೇಳಿ ಪಡೆದದ್ದು ಕಳವಾಗುವುದು ಹೇಗೆ?

ಜೈನರ ತತ್ತ್ವಾರ್ಥಸೂತ್ರವು ಕಳವನ್ನು ಎರಡೇ ಪದಗಳಲ್ಲಿ ನಿರೂಪಿಸುತ್ತದೆ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ಅದರ ಅರ್ಥ. ಮೊದಲ ಓದಿಗೆ ಇದು ನಮ್ಮನ್ನು ಬಿಡುಗಡೆ ಮಾಡುವಂತೆ ಕಾಣುತ್ತದೆ, ನಮಗೆ ಕೊಟ್ಟಿದ್ದರಲ್ಲ. ಆದರೆ ಕೊಟ್ಟದ್ದು ಏನನ್ನು? ಬಾಯಮ್ಮ ಕೊಟ್ಟದ್ದು ತಾನು ಬಳಸದೆ ಸುಮ್ಮನೆ ಉರಿಯುವ ದೀಪದ ಬೆಳಕನ್ನು. ರಾತ್ರಿಯ ಅರ್ಧ ಗಂಟೆಯನ್ನು ಅವರು ಕೊಟ್ಟಿರಲಿಲ್ಲ. ರಾತ್ರಿಗೆ ಮಾತ್ರ ತನಗೆ ಬೇಕೆಂದು ಬಾಯಿಬಿಟ್ಟು ಹೇಳಿಯೂ ಇದ್ದರು. ಕೊಡುವವರಿಗೆ ತಾವು ಏನನ್ನು ಕೊಡುತ್ತಿದ್ದೇವೆಂದು ಗೊತ್ತಿಲ್ಲದೆ ಇದ್ದು, ಪಡೆಯುವವರಿಗೆ ಗೊತ್ತಿದ್ದರೆ, ಅಥವಾ ಗೊತ್ತುಮಾಡಿಕೊಳ್ಳುವ ಶಕ್ತಿಯಿದ್ದರೆ, ಆ ಅಂತರದೊಳಗೆ ಬೀಳುವುದೆಲ್ಲ ಕೊಡದೆ ಇದ್ದದ್ದೇ. ಬರೆಯಲು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರಗಳ ಕಥೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಅಲ್ಲಿಯೂ ಒಪ್ಪಿಗೆ ಇತ್ತು, ಅಂಗಳದಲ್ಲಿ ಸಾಕ್ಷಿಗಳೂ ಇದ್ದರು.

ಗಾಂಧೀಜಿಯವರು 1930ರಲ್ಲಿ ಯರವಡಾ ಸೆರೆಮನೆಯಿಂದ ಆಶ್ರಮವಾಸಿಗಳಿಗೆ ವಾರವಾರವೂ ಬರೆದ ಪತ್ರಗಳು ‘ಮಂಗಳ ಪ್ರಭಾತ’ವೆಂಬ ಹೆಸರಿನಲ್ಲಿ ಸಂಕಲನಗೊಂಡಿವೆ. ಅವುಗಳಲ್ಲಿ ಅಸ್ತೇಯವನ್ನು ಕುರಿತ ಪತ್ರ ಇದಕ್ಕಿಂತಲೂ ಕಠಿಣ. ನಿಜವಾದ ಅಗತ್ಯವಿಲ್ಲದೆ ಇನ್ನೊಬ್ಬರ ವಸ್ತುವನ್ನು ಅವರ ಅನುಮತಿಯಿಂದಲೇ ಪಡೆದರೂ ಅದು ಕಳವು ಎಂಬುದು ಅವರ ನಿಲುವು. ನಮಗೆ ಅಗತ್ಯವಿತ್ತು ಎಂದು ಹೇಳಬಹುದು. ಕೆಲಸಕ್ಕೆ ಇತ್ತು, ಒಪ್ಪೋಣ. ಆದರೆ ಸಭೆಯಲ್ಲಿ ಎಲ್ಲರೂ ಮುಖ ತೋರಿಸಿ ಕುಳಿತುಕೊಳ್ಳುವ ಅಗತ್ಯವಿತ್ತೆ? ಎಂಟನೆಯ ತಾರೀಕಿನ ತರುವಾಯ ದನಿಯಲ್ಲೇ ಎಲ್ಲವೂ ನಡೆದು ಯಾರ ಕೆಲಸವೂ ಕೆಡಲಿಲ್ಲ. ಮಗ ಶಾಲೆ ತೆರೆಯುವ ಮೊದಲು ಮಧ್ಯಾಹ್ನಗಳಲ್ಲಿ ನೋಡಿದ ಕ್ರಿಕೆಟ್ಟು ಯಾವ ಅಗತ್ಯ? ಗುಪ್ತಪದವನ್ನು ಅವನ ಫೋನಿಗೆ ಹಾಕಿಕೊಟ್ಟವರೂ ನಾವೇ. ಗಾಂಧೀಜಿಯವರ ಮಾತನ್ನು ಪೂರ್ತಿ ಪಾಲಿಸಲು ಸಂಸಾರಸ್ಥರಿಂದ ಆಗದು ಎಂಬುದು ನಮ್ಮ ಅಭಿಪ್ರಾಯ. ಆದರೆ ಆಗದು ಎಂಬುದಕ್ಕಿಂತ ಎಷ್ಟೋ ಮೊದಲೇ ನಾವು ನಿಂತಿದ್ದೆವು.

ಹಕ್ಕಿನ ಮಾತೂ ಬರುತ್ತದೆ. 2019ರ ಸೆಪ್ಟೆಂಬರಿನಲ್ಲಿ ನಮ್ಮ ಕೇರಳದ ಉಚ್ಚ ನ್ಯಾಯಾಲಯ ವಿದ್ಯಾರ್ಥಿನಿಲಯವೊಂದರ ಮೊಬೈಲು ನಿರ್ಬಂಧದ ಮೊಕದ್ದಮೆಯಲ್ಲಿ, ಅಂತರ್ಜಾಲವನ್ನು ಪಡೆಯುವುದು ಶಿಕ್ಷಣದ ಹಕ್ಕಿನಲ್ಲಿಯೂ ಖಾಸಗಿತನದ ಹಕ್ಕಿನಲ್ಲಿಯೂ ಸೇರುತ್ತದೆಂದು ತೀರ್ಪಿತ್ತಿತು. ಅದು ದೊಡ್ಡ ತೀರ್ಪು. ಆದರೆ ಹಕ್ಕನ್ನು ನಾವು ಕೇಳಬೇಕಾದದ್ದು ಸರಕಾರದ ಮುಂದೆ, ಸಂಸ್ಥೆಗಳ ಮುಂದೆ. ಪಾಗಾರದಾಚೆಯ ಮನೆಯ ಮುಂದಲ್ಲ. ಅಲ್ಲಿ ಇರುವುದು ಋಣ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರನ್ನು ನಾವು ಬಾಯಿಪಾಠವಾಗಿ ಬಲ್ಲೆವು. ಶತಪಥ ಬ್ರಾಹ್ಮಣವು ನಾಲ್ಕನೆಯದಾಗಿ ಮನುಷ್ಯರ ಋಣವನ್ನೂ ಎಣಿಸುತ್ತದೆ. ಮನುಷ್ಯರಿಗೆ ತಂಗಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಟ್ಟು ತೀರಿಸಬೇಕಾದ ಋಣ ಅದು. ಹೇಗೋ ಏನೋ, ಪಟ್ಟಿಯಿಂದ ಅದೊಂದು ಜಾರಿಹೋಗಿ ಮೂರೇ ಉಳಿದವು. ಬಾಯಮ್ಮ ಐನೂರು ರೂಪಾಯಿ ತೆಗೆದುಕೊಂಡಿದ್ದರೆ ನಾವು ಋಣಮುಕ್ತರೆಂದು ತಿಳಿದು ಇನ್ನಷ್ಟು ನಿಶ್ಚಿಂತೆಯಿಂದ ಬಳಸುತ್ತಿದ್ದೆವೆಂದು ಈಗ ತೋರುತ್ತದೆ.

ಇನ್ನೊಂದು ವಿಚಾರವನ್ನು ಹೇಳಲೇಬೇಕು. ಇದನ್ನು ನೆಪವೆಂದು ಯಾರೂ ತಿಳಿಯಬಾರದು. ಕೆಲಸ ಕಛೇರಿಯಿಂದ ಮನೆಗೆ ಬಂದಾಗ ಕಛೇರಿಯ ಬಾಡಿಗೆ, ವಿದ್ಯುತ್ತು, ಕುರ್ಚಿ, ಸಂಪರ್ಕ ಇವುಗಳ ಭಾರವೂ ಮನೆಗೆ ಬಂತು. ಊರಲ್ಲಿ ಅಮ್ಮನ ಬಳಿ ಇರಲು ಸಾಧ್ಯವಾಯಿತೆಂಬ ಸಂತೋಷದಲ್ಲಿ ನಾವು ಅದನ್ನು ಭಾರವೆಂದು ಎಣಿಸಲಿಲ್ಲ. ನಮ್ಮ ಸಂಪರ್ಕ ಕಡಿದಾಗ ಆ ಭಾರ ಒಂದು ಮೆಟ್ಟಿಲು ಕೆಳಕ್ಕೆ ಇಳಿಯಿತು. ಸಮುದ್ರದಾಚೆಯ ವಿಮಾ ಸಂಸ್ಥೆ ಬೆಂಗಳೂರಿನ ಕಛೇರಿಗೆ ಹೇಳಿತು, ಬೆಂಗಳೂರಿನವರು ನಮಗೆ ಹೇಳಿದರು, ನಾವು ಪಾಗಾರ ಹಾರಿದೆವು. ಕೊನೆಗೆ ಅದನ್ನು ಹೊತ್ತದ್ದು ಕುವೈತಿನ ಕೂಲಿಯ ದುಡ್ಡಿನಲ್ಲಿ ಹಾಕಿಸಿದ ಒಂದು ಸಣ್ಣ ಪ್ಲಾನು. ಈ ಮೆಟ್ಟಿಲುಗಳಲ್ಲಿ ಪ್ರತಿಯೊಬ್ಬರೂ ಕೆಳಗಿನವರಿಗೆ ವಿನಯದಿಂದಲೇ ಮಾತಾಡಿದ್ದಾರೆ. ಯಾರೂ ಯಾರನ್ನೂ ಗದರಿಸಲಿಲ್ಲ. ಭಾರ ಮಾತ್ರ ಅಳತೆ ತಿಳಿಯದವರ ತಲೆಯ ಮೇಲೆ ಬಂದು ನಿಂತಿತು.

2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿಯ ದಾರಿ ಮುಚ್ಚಿದುದು, ಒಳದಾರಿಗಳಿಗೆ ಮಣ್ಣು ಸುರಿದುದು ಈ ಸಂಚಿಕೆಯ ಓದುಗರಲ್ಲಿ ಯಾರಿಗೂ ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಆ ದಿನಗಳಲ್ಲಿ ಪಟ್ಟ ಪಾಡು ನ್ಯಾಯಾಲಯಗಳವರೆಗೆ ಹೋಯಿತು. ದಾರಿ ಮುಚ್ಚಿದವರಿಗೆ ಈಚೆಯವರ ಮುಖ ಕಾಣುವುದಿಲ್ಲವಲ್ಲ ಎಂದು ಆಗ ನಾವು ಎಲ್ಲರೊಡನೆಯೂ ಆಡಿದ್ದೆವು, ಸಂಘದ ಸಭೆಯಲ್ಲಿಯೂ ಆಡಿದ್ದೆವು. ಆಸ್ಪತ್ರೆಯ ದಾರಿಗೂ ಮೊಮ್ಮಗುವಿನ ಚಿತ್ರಕ್ಕೂ ಹೋಲಿಕೆಯಿಲ್ಲ. ಜೀವ ಹೋದವರ ಎದುರು ಅಂಥ ಹೋಲಿಕೆಯನ್ನು ತರುವುದು ಅಪಚಾರವೂ ಹೌದು. ಆದರೂ ಮಳೆಯ ತೊಂದರೆ ಎಂದು ಹೇಳಿ ಮರಳಿ ಬಂದ ರಾತ್ರಿ ನೆನಪಿಗೆ ಬಂದದ್ದು ಅದೇ.

ಸುಳ್ಳು ಹೇಳಿದ ಮೇಲೆ ಅದನ್ನು ಸದ್ದಿಲ್ಲದೆ ಸರಿಪಡಿಸಲು ನೋಡಿದೆವು. ಹೆಚ್ಚುವರಿ ದುಡ್ಡು ಕಟ್ಟಿದರೆ ವೇಗ ಆ ಕ್ಷಣವೇ ಮರಳುತ್ತಿತ್ತು. ಆದರೆ ಖಾತೆ ಮಗನ ಹೆಸರಿನಲ್ಲಿತ್ತು, ದುಡ್ಡು ಕಟ್ಟಲು ಬೇಕಾದ ಒಟಿಪಿ ಕುವೈತಿನ ಫೋನಿಗೆ ಹೋಗುತ್ತಿತ್ತು. ಹೇಳದೆ ತೀರಿಸುವ ದಾರಿ ಇರಲಿಲ್ಲ. ಒಂದನೆಯ ತಾರೀಕಿಗೆ ತಾನಾಗಿ ಸರಿಯಾಗುತ್ತದಲ್ಲ, ಇನ್ನು ಎರಡೇ ವಾರ ಎಂದುಕೊಂಡೆವು. ಜೂನ್ 8ರಿಂದ 16ರವರೆಗಿನದನ್ನು ಅರಿಯದೆ ಮಾಡಿದ್ದೆಂದು ಬೇಕಾದರೆ ಹೇಳಿಕೊಳ್ಳಬಹುದು, ಸಂಶಯವಿದ್ದೂ ನೋಡದ್ದನ್ನು ಮರೆತುಬಿಟ್ಟರೆ. ಆಮೇಲಿನ ದಿನಗಳಿಗೆ ಆ ಮರೆಯೂ ಇಲ್ಲ.

ಅಮ್ಮನಿಗೆ ಇದೊಂದೂ ತಿಳಿದಿರಲಿಲ್ಲ. 22ರ ರಾತ್ರಿ ಊಟಕ್ಕೆ ಕುಳಿತಾಗ ಅವರು ಪಕ್ಕದ ಮನೆಯ ಸುದ್ದಿ ಹೇಳಿದರು. ಬಾಯಮ್ಮನ ಮೊಮ್ಮಗು ನಡೆಯಲು ತೊಡಗಿದೆಯಂತೆ. ಮೊದಲು ಹೆಜ್ಜೆಯಿಟ್ಟ ದಿನ ಮಗ ಕರೆ ಮಾಡಿ, ಮತ್ತೊಮ್ಮೆ ನಡೆಸಿ ತೋರಿಸುತ್ತೇನೆಂದು ಮಗುವನ್ನು ಕುರ್ಚಿಯ ಬಳಿ ನಿಲ್ಲಿಸಿದನಂತೆ. ಮಗು ಕುರ್ಚಿ ಹಿಡಿದು ನಿಂತದ್ದು ಕಂಡಿತು. ಚಿತ್ರ ಅಲ್ಲಿಗೆ ನಿಂತಿತು. ಆ ಕಡೆ ಚಪ್ಪಾಳೆ, ನಗು ಎಲ್ಲ ಕೇಳುತ್ತಿತ್ತು. ಚಿತ್ರ ಮತ್ತೆ ಅಲುಗಿದಾಗ ಮಗು ತಾಯಿಯ ತೋಳಿನಲ್ಲಿತ್ತು. ನಡುವಣ ನಡಿಗೆ ಬರಲೇ ಇಲ್ಲ. ಮರುದಿನ ಮಗ ವಿಡಿಯೊ ತೆಗೆದು ಕಳುಹಿಸಿದ್ದಾನೆ, ಅದರಲ್ಲಿ ಮಗು ಚೆನ್ನಾಗಿ ನಡೆಯುತ್ತದೆ. "ಆದರೆ ಅದು ಎರಡನೇ ದಿನದ್ದು ಅಂತ ಬಾಯಮ್ಮ ಹೇಳುತ್ತಿದ್ದರು" ಎಂದು ಅಮ್ಮ ಮಜ್ಜಿಗೆ ಬಡಿಸಿಕೊಂಡರು. "ಈ ಮಳೆ ಒಂದು!"

ನಾವು ಅಮ್ಮನಿಗೆ ಹೇಳಿದೆವು. ಅವರು ಉಣ್ಣುವುದನ್ನು ನಿಲ್ಲಿಸಲಿಲ್ಲ. ಕೈ ತೊಳೆದು ಬಂದು, "ನಾಳೆ ಬೆಳಿಗ್ಗೆ ಹೋಗಿ ಹೇಳಿ. ನಾನು ಬರುವುದಿಲ್ಲ" ಎಂದಷ್ಟೇ ಅಂದರು.

ಬೆಳಿಗ್ಗೆ ಹೋದೆವು. ಬಾಯಮ್ಮ ಕೋಳಿಗಳಿಗೆ ಅಕ್ಕಿನುಚ್ಚು ಹಾಕುತ್ತಿದ್ದರು. ಹೇಗೆ ಹೇಳಬೇಕೆಂದು ರಾತ್ರಿಯಿಡೀ ಜೋಡಿಸಿಟ್ಟ ಮಾತುಗಳು ತುಳುವಿನಲ್ಲಿ ಜೋಡಣೆಯಾಗಲಿಲ್ಲ. ನೂರರ ಲೆಕ್ಕ, ಒಂದನೆಯ ತಾರೀಕಿನ ಲೆಕ್ಕ, ಹುಡುಗ ತೋರಿಸಿದ ಪರದೆ, ಮಳೆಯೆಂದು ಹೇಳಿದ್ದು ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆವು. ಅವರು ನುಚ್ಚಿನ ತಟ್ಟೆಯನ್ನು ಜಗಲಿಯ ಮೇಲಿಟ್ಟರು. ಪರವಾಗಿಲ್ಲ ಎನ್ನುತ್ತಾರೆಂದು ನಾವು ಎದುರುನೋಡಿದೆವು. ಹಾಗೆ ಎದುರುನೋಡಿದ್ದನ್ನು ಒಪ್ಪಿಕೊಳ್ಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ.

ಅವರು ಪರವಾಗಿಲ್ಲ ಎನ್ನಲಿಲ್ಲ.

"ಖರ್ಚು ಮಾಡಿದ್ದು ಇರಲಿ, ನಾನೇ ಕೊಟ್ಟದ್ದು" ಎಂದರು. "ಅಂದೇ ಹೇಳಿದ್ದರೆ ಇಗರ್ಜಿಯ ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದೆ. ಅಲ್ಲಿ ಫೋನು ಒಳ್ಳೆಯದು ಸಿಗುತ್ತದೆ. ಎರಡು ಆದಿತ್ಯವಾರ ಪೂಜೆಗೆ ಹೋಗಿದ್ದೇನೆ, ಅಲ್ಲಿಂದಲೇ ನೋಡಬಹುದಿತ್ತು. ನನಗೆ ಗೊತ್ತಿರಲಿಲ್ಲವಲ್ಲ."

ಸ್ವಲ್ಪ ಹೊತ್ತಿನ ಮೇಲೆ, ಮಗನಿಗೆ ನೀವೇ ಹೇಳಬೇಕು ಎಂದರು. ಅವನು ಕೆಲಸದ ನಡುವೆ ಮೂರು ಸಲ ಕಂಪೆನಿಗೆ ಕರೆ ಮಾಡಿ ಜಗಳವಾಡಿದ್ದನಂತೆ. ಅಗ್ಗದ ಲೈನು ಹಾಕಿಸಿದ್ದೀಯೆಂದು ಇವರೂ ಅವನನ್ನು ಬೈದಿದ್ದರಂತೆ. ಆ ರಾತ್ರಿ ಎಂಟೂಮುಕ್ಕಾಲಕ್ಕೆ, ನಮ್ಮ ಸಭೆಯೊಂದಕ್ಕೆ ಬರಲಾಗದೆಂದು ತಿಳಿಸಿ, ಬಾಯಮ್ಮನ ಜಗಲಿಯಲ್ಲಿ ಅವರ ಫೋನಿನ ಎದುರು ಕುಳಿತೆವು. ಮಗ ಹೆಚ್ಚು ಮಾತಾಡಲಿಲ್ಲ. ಸರಿ ಎಂದ, ಒಟಿಪಿ ಬಂದ ಕೂಡಲೇ ಓದಿ ಹೇಳಿದ. ನಾವು ದುಡ್ಡು ಕಟ್ಟಿದೆವು. ಹತ್ತು ನಿಮಿಷಗಳಲ್ಲಿ ಅವನ ಮುಖ ಸ್ಪಷ್ಟವಾಯಿತು, ಹಿಂದೆ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರು ಸ್ಪಷ್ಟವಾಯಿತು. ಮಗು ಆಗಲೇ ಮಲಗಿತ್ತು.

ಬಾಯಮ್ಮ ಆಮೇಲೆ ಕೆಲವು ದಿನ ಪಾಗಾರದ ಬಳಿ ಬರಲಿಲ್ಲ. ಮಳೆ ಜೋರಾಗಿತ್ತು, ಅದೂ ಕಾರಣವಿರಬಹುದು. ಜುಲೈ ಮೊದಲ ವಾರ ಅಮ್ಮನಿಗೆ ಅರ್ಧ ಹಲಸಿನ ಹಣ್ಣು ಕಳುಹಿಸಿದರು. ಅಮ್ಮ ಬುಟ್ಟಿಯನ್ನು ಬರಿದಾಗಿ ಹಿಂದಿರುಗಿಸದೆ ಅದರಲ್ಲಿ ಉಪ್ಪಿನಕಾಯಿಯ ಭರಣಿಯನ್ನಿಟ್ಟು ತಾವೇ ಕೊಂಡುಹೋದರು.

ನಮ್ಮ ಫೋನುಗಳೂ ಗಣಕಯಂತ್ರಗಳೂ ಆ ಗುಪ್ತಪದವನ್ನು ನೆನಪಿಟ್ಟುಕೊಂಡಿದ್ದವು. ಅಂಗಳದ ಆ ಮೂಲೆಗೆ ಹೋದರೆ ಸಾಕು, ನಮ್ಮನ್ನು ಕೇಳದೆ ತಾವಾಗಿ ಬಾಯಮ್ಮನ ಮನೆಯನ್ನು ಸೇರಿಕೊಳ್ಳುತ್ತಿದ್ದವು. ಒಂದು ಭಾನುವಾರ ಕುಳಿತು ಎಲ್ಲದರಿಂದಲೂ ಅಳಿಸಿದೆವು, ಮಗನ ಫೋನಿನಿಂದಲೂ. ಮಳೆಗಾಲ ಇನ್ನೂ ಅರ್ಧ ಉಳಿದಿದೆ, ನಮ್ಮ ತಂತಿಯ ಮೇಲೆಯೂ ಕೊಂಬೆ ಬೀಳಬಹುದಲ್ಲ ಎಂದು ಮಗ ಕೇಳಿದ.

"ಬಿದ್ದರೆ ಹೋಗಿ ಕೇಳುವುದು" ಎಂದರು ಅಮ್ಮ. "ಎಷ್ಟು ಉಳಿದಿದೆ ಅಂತ ಮೊದಲು ಕೇಳುವುದು."